ಮಧ್ಯರಂಗದ ಆಟಗಾರ

ಸಂಜೆಯ ವೇಳೆ ನಮ್ಮ ಶಾಲೆಯ ಬಯಲಿನಲ್ಲಿ ಹುಡುಗರು ಕಾಲ್ಚೆಂಡಾಟಕ್ಕೆಂದು ಎರಡು ಪಂಗಡಗಳಾಗಿ ಒಡೆಯುವಾಗ ನಡೆಯುವ ಸಣ್ಣ ಜಗಳವನ್ನು ನಾನು ವರ್ಷವರ್ಷವೂ ಕಾಣುತ್ತಿದ್ದೇನೆ. ಮುಂದೆ ನಿಂತು ಗೋಲು ಹೊಡೆಯುವುದಕ್ಕೆ ಎಲ್ಲರೂ ಸಿದ್ಧರು. ಗೋಲು ಕಾಯುವುದಕ್ಕೂ ಒಬ್ಬ ಧೈರ್ಯಶಾಲಿ ಹೇಗೋ ದೊರೆಯುತ್ತಾನೆ. ನಡುವಿನಲ್ಲಿ ನಿಲ್ಲಬೇಕೆಂದರೆ ಮಾತ್ರ ಎಲ್ಲರ ಮುಖವೂ ಬಾಡುತ್ತದೆ. ಕಳೆದ ಚಳಿಗಾಲದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು, "ಸರ್, ನಡುವೆ ಆಡುವವರ ಹೆಸರು ಪತ್ರಿಕೆಯಲ್ಲಿ ಬರುವುದೇ ಇಲ್ಲವಲ್ಲ?" ಎಂದು ಕೇಳಿದನು. ಅವನ ಪಕ್ಕದಲ್ಲಿದ್ದವನು ಅಷ್ಟಕ್ಕೆ ಬಿಡದೆ, "ಆಟ ಮುಗಿದ ಮೇಲೆ ಅವರು ಹೊಟ್ಟೆಗೆ ಏನು ಮಾಡುತ್ತಾರೆ ಸರ್?" ಎಂದನು. ಮೊದಲನೆಯದು ಕೀರ್ತಿಯ ಪ್ರಶ್ನೆ. ಎರಡನೆಯದು ಜೀವನದ ಪ್ರಶ್ನೆ. ಅಂದು ಗಂಟೆ ಬಾರಿಸಿತಾದ್ದರಿಂದ ನಾನು ಉತ್ತರ ಹೇಳಲಾಗಲಿಲ್ಲ. ಆ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಈ ಲೇಖನದಲ್ಲಿ ಹೇಳಲು ಯತ್ನಿಸುತ್ತೇನೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಭಾರತ ತಂಡದ ನಾಯಕರಾಗಿ, ಕೊನೆಗೆ ಈ ದಿಲ್ಲಿಗೂ ಬಂದು ಹುಡುಗರಿಗೆ ಆಟ ಕಲಿಸಿದ ಒಬ್ಬ ಮಧ್ಯರಂಗದ ಆಟಗಾರರ ಬಾಳೇ ಅದಕ್ಕೆ ತಕ್ಕ ಉತ್ತರವಾಗಿದೆ. ಅವರೇ ಕಾರ್ಲ್‌ಟನ್ ಚಾಪ್‌ಮನ್.

ಮಧ್ಯರಂಗವೆಂದರೇನು?

ಮೊದಲು ಆಟದ ವಿಚಾರವನ್ನು ತಿಳಿಯೋಣ. ಅಂತರರಾಷ್ಟ್ರೀಯ ಪಂದ್ಯದ ಮೈದಾನವು 100ರಿಂದ 110 ಮೀಟರುಗಳಷ್ಟು ಉದ್ದವೂ 64ರಿಂದ 75 ಮೀಟರುಗಳಷ್ಟು ಅಗಲವೂ ಇರುತ್ತದೆ. ಹನ್ನೊಂದು ಜನರಲ್ಲಿ ಒಬ್ಬನು ಗೋಲು ಕಾಯುವವನು. ಉಳಿದ ಹತ್ತು ಮಂದಿ ರಕ್ಷಣೆ, ಮಧ್ಯ, ಮುನ್ನಡೆ ಎಂಬ ಮೂರು ಸಾಲುಗಳಲ್ಲಿ ಹಂಚಿಹೋಗುತ್ತಾರೆ. ಹಿಂದಿನ ಕಾಲದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುವ ಪದ್ಧತಿಯಿತ್ತು. ನಡುವಿನ ಆ ಮೂವರನ್ನು ಹಾಫ್‌ಬ್ಯಾಕ್ ಎಂದು ಕರೆಯುತ್ತಿದ್ದರು. 1958ರಲ್ಲಿ ಬ್ರೆಜಿಲ್ ದೇಶದವರು ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ಕ್ರಮದಿಂದ ವಿಶ್ವಕಪ್ಪನ್ನು ಗೆದ್ದ ಮೇಲೆ ಈ ವಿಭಜನೆಯಲ್ಲಿ ಬಗೆಬಗೆಯ ಮಾರ್ಪಾಡುಗಳಾದುವು. ಸಂಖ್ಯೆಗಳು ಬದಲಾದುವೇ ಹೊರತು ನಡುವಿನವನ ಕರ್ತವ್ಯ ಬದಲಾಗಲಿಲ್ಲ.

ಆ ಕರ್ತವ್ಯವಾದರೂ ಎಂತಹುದು? ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯಬೇಕು. ಕಸಿದುದನ್ನು ಕೂಡಲೇ ತನ್ನವನಿಗೆ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ನಿಂತು ನೋಡದೆ, ಮತ್ತೆ ಚೆಂಡು ತನ್ನ ಬಳಿಗೆ ಬರುವಂತಹ ತೆರಪಿಗೆ ಓಡಬೇಕು. ತಂಡವು ಮುನ್ನುಗ್ಗುವಾಗ ಅವನು ಮುಂದಿನವರ ಬೆನ್ನಿಗಿರಬೇಕು. ತಂಡವು ಹಿಮ್ಮೆಟ್ಟುವಾಗ ಹಿಂದಿನವರ ಎದುರಿಗಿರಬೇಕು. ಹೀಗೆ ತೊಂಬತ್ತು ನಿಮಿಷಗಳಲ್ಲಿ ಅವನು ಹತ್ತರಿಂದ ಹನ್ನೆರಡು ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸುತ್ತಾನೆ. ಇಂಡಿಯಾ ಗೇಟಿನಿಂದ ಕುತುಬ್ ಮಿನಾರಿಗೆ ಹೋಗುವ ದಾರಿ ಹೆಚ್ಚುಕಡಿಮೆ ಅಷ್ಟಿದೆ. ಅದೂ ಒಂದೇ ಸಮನಾದ ಓಟವಲ್ಲ. ಒಮ್ಮೆ ನಡಿಗೆ, ಒಮ್ಮೆ ಮಿಂಚಿನ ಓಟ, ಒಮ್ಮೆ ಥಟ್ಟನೆ ನಿಂತು ಹಿಂದಕ್ಕೆ ತಿರುಗುವುದು. ಇಷ್ಟರ ನಡುವೆ ಅವನ ಕಣ್ಣು ಚೆಂಡಿನ ಮೇಲಷ್ಟೇ ಇದ್ದರೆ ಸಾಲದು. ಚೆಂಡು ತನ್ನನ್ನು ಸೇರುವುದಕ್ಕೆ ಮೊದಲೇ ಕತ್ತು ತಿರುಗಿಸಿ, ಯಾರು ಎಲ್ಲಿದ್ದಾರೆಂಬುದನ್ನು ಮನಸ್ಸಿನಲ್ಲಿ ಬರೆದುಕೊಂಡಿರಬೇಕು. ಮದುವೆಯ ಮನೆಯಲ್ಲಿ ಹಸೆಮಣೆಯ ಮೇಲೆ ಕುಳಿತವರನ್ನು ಎಲ್ಲರೂ ನೋಡುತ್ತಾರೆ. ಅಡಿಗೆಮನೆಗೂ ಚಪ್ಪರಕ್ಕೂ ಓಡಾಡಿ ಊಟದ ಪಂಕ್ತಿ ತಪ್ಪದಂತೆ ನೋಡಿಕೊಳ್ಳುವವನನ್ನು ಯಾರೂ ಗಮನಿಸುವುದಿಲ್ಲ. ಅವನಿಲ್ಲದೆ ಹೋದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಮಧ್ಯರಂಗದ ಆಟಗಾರನು ಅಂತಹವನು.

ಬೆಂಗಳೂರಿನ ಪರಂಪರೆ

ಕಾಲ್ಚೆಂಡಾಟವೆಂದರೆ ಕಲ್ಕತ್ತೆ, ಗೋವೆ, ಕೇರಳಗಳದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಬೆಂಗಳೂರಿನ ದಂಡುಪ್ರದೇಶದಲ್ಲಿ ಸೈನಿಕರ ಆಟವನ್ನು ಬೇಲಿಯಾಚೆಯಿಂದ ನೋಡಿ ಕಲಿತ ಬಡವರ ಮಕ್ಕಳು ಈ ದೇಶಕ್ಕೆ ಕೊಟ್ಟ ಆಟಗಾರರು ಒಬ್ಬಿಬ್ಬರಲ್ಲ. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಸ್ವತಂತ್ರ ಭಾರತದ ಮೊದಲ ಗೋಲನ್ನು ಫ್ರಾನ್ಸಿನ ಮೇಲೆ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಕೊಂಡಾಡುತ್ತಿದ್ದರು. 1951ರಲ್ಲಿ ಇದೇ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯಾ ಕ್ರೀಡಾಕೂಟದಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನವನ್ನು ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು.

ಮಧ್ಯರಂಗದ ಮಾತು ಬಂದಾಗ ಕೆಂಪಯ್ಯನವರನ್ನು ನೆನೆಯದೆ ಇರಲಾಗದು. ಮೈಸೂರು ರಾಜ್ಯದ ಈ ಹಾಫ್‌ಬ್ಯಾಕ್ ಆಟಗಾರರು 1956ರ ಮೆಲ್ಬೊರ್ನ್ ಒಲಿಂಪಿಕ್ ಕೂಟದಲ್ಲಿ ಭಾರತದ ಪರವಾಗಿ ಆಡಿದರು. ಆ ಸಲ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತವು ಅದಕ್ಕಿಂತ ಮೇಲೇರಿದುದಿಲ್ಲ. ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಈಗಲೂ ಎಲ್ಲರ ಬಾಯಲ್ಲಿದೆ. ಕೆಂಪಯ್ಯನವರ ಹೆಸರನ್ನು ಬಲ್ಲವರು ಕನ್ನಡಿಗರಲ್ಲಿಯೇ ಎಷ್ಟು ಮಂದಿ? ನಡುವೆ ಆಡುವವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲವೆಂದ ಹುಡುಗನ ಮಾತು ಪೂರ್ತಿ ಸುಳ್ಳಲ್ಲವೆಂದು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಒಬ್ಬ ಆಟಗಾರನು ರೂಪುಗೊಳ್ಳುವ ಬಗೆ

ಚಾಪ್‌ಮನ್ನರು ಹುಟ್ಟಿದುದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಅಲ್ಲಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತಿ ಪಡೆದು, 1990ರಲ್ಲಿ ಅವರು ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. ಆ ಸಂಸ್ಥೆ 1987ರಲ್ಲಿ ಆರಂಭವಾದುದು. ಹುಡುಗರನ್ನು ಒಂದೆಡೆ ಇರಿಸಿಕೊಂಡು, ಊಟ ವಸತಿಗಳನ್ನು ಕೊಟ್ಟು, ಹಲವು ವರ್ಷಗಳ ಕಾಲ ಕ್ರಮವಾಗಿ ಆಟ ಕಲಿಸುವ ಇಂತಹ ಗುರುಕುಲ ನಮ್ಮ ದೇಶಕ್ಕೆ ಆಗ ಹೊಸದು. ತಾಯಿತಂದೆಯರನ್ನೂ ಊರನ್ನೂ ಬಿಟ್ಟು ಭಾಷೆ ತಿಳಿಯದ ನಾಡಿಗೆ ಹೋಗಿ ನಿಲ್ಲುವ ಕಷ್ಟವೇನೆಂಬುದು ಕನ್ನಡನಾಡನ್ನು ಬಿಟ್ಟು ಬಂದಿರುವ ನಮಗೆ ಬೇರೆಯವರು ಹೇಳಿ ತಿಳಿಯಬೇಕಾದುದಲ್ಲ.

1993ರಲ್ಲಿ ಅವರು ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ವರ್ಷವೇ ಏಷ್ಯಾದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜಾವ್ರಾ ಎಂಬ ಬಲಿಷ್ಠ ತಂಡ ಎದುರಾಯಿತು. ಈಸ್ಟ್ ಬೆಂಗಾಲ್ ಆ ತಂಡವನ್ನು 6-2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲುಗಳು ಚಾಪ್‌ಮನ್ನರವು. ನಡುವಿನವನು ಗೋಲು ಹೊಡೆಯಬಾರದೆಂಬ ನಿಯಮವೇನೂ ಇಲ್ಲವೆಂದು ಇದರಿಂದ ತಿಳಿಯುತ್ತದೆ. ಸಮಯವರಿತು ಹಿಂದಿನಿಂದ ಓಡಿಬರುವವನನ್ನು ಕಾಯುವುದು ಎದುರಾಳಿಗೆ ಹೆಚ್ಚು ಕಷ್ಟ. ಏಕೆಂದರೆ ಎಲ್ಲರ ಕಣ್ಣೂ ಮುಂದಿನ ಸಾಲಿನ ಮೇಲಿರುತ್ತದೆ.

1995ರಲ್ಲಿ ಅವರು ಪಂಜಾಬಿನ ಫಗ್ವಾರದಲ್ಲಿದ್ದ ಜೆ.ಸಿ.ಟಿ. ತಂಡಕ್ಕೆ ಹೋದರು. ಮುಂದೆ ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಮಿನ ಭೈಚುಂಗ್ ಭುಟಿಯಾ, ಅವರ ಹಿಂದೆ ಬೆಂಗಳೂರಿನ ಚಾಪ್‌ಮನ್: ದೇಶದ ಮೂರು ಮೂಲೆಗಳಿಂದ ಬಂದ ಈ ಮೂವರು ಒಂದೇ ತಂಡದಲ್ಲಿ ಕೂಡಿದರು. 1996-97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಮೊತ್ತಮೊದಲನೆಯ ಸಲ ನಡೆದಾಗ ಅದನ್ನು ಗೆದ್ದವರು ಇವರೇ. 1997ರಲ್ಲಿ ಚಾಪ್‌ಮನ್ನರು ಎಫ್.ಸಿ. ಕೊಚ್ಚಿನ್ ಎಂಬ ಹೊಸ ತಂಡವನ್ನು ಸೇರಿದರು. 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗನ್ನು ಗೆದ್ದಿತು.

ಭಾರತದ ಪರವಾಗಿ ಅವರು 1995ರಿಂದ 2001ರ ವರೆಗೆ ಆಡಿದರು. 1997ರಲ್ಲಿ ಕಾಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಪಂದ್ಯಾವಳಿಯನ್ನು ಭಾರತವು ಗೆದ್ದಾಗ ತಂಡದ ನಾಯಕರು ಅವರಾಗಿದ್ದರು. ಅಂತಿಮ ಪಂದ್ಯದಲ್ಲಿ ಮಾಲ್ಡೀವ್ಸ್ ತಂಡವು 5-1ರಿಂದ ಸೋತಿತು.

ಮೂವತ್ತನೆಯ ವಯಸ್ಸಿನಲ್ಲಿ ನಿವೃತ್ತಿ

ಇಲ್ಲಿಗೆ ಕಥೆಯ ಪೂರ್ವಾರ್ಧ ಮುಗಿಯಿತು. 2001ರಲ್ಲಿ, ರಾಷ್ಟ್ರೀಯ ಲೀಗನ್ನು ಗೆದ್ದ ವರ್ಷವೇ, ಚಾಪ್‌ಮನ್ನರು ವೃತ್ತಿಯ ಆಟದಿಂದ ನಿವೃತ್ತರಾದರು. ಆಗ ಅವರ ವಯಸ್ಸು ಮೂವತ್ತು. ಮಕ್ಕಳೇ, ಈ ಸಂಖ್ಯೆಯನ್ನು ಕೊಂಚ ಯೋಚಿಸಿ ನೋಡಿ. ಗುಮಾಸ್ತನೊಬ್ಬನು, ಉಪಾಧ್ಯಾಯನೊಬ್ಬನು, ವೈದ್ಯನೊಬ್ಬನು ತನ್ನ ಕೆಲಸದಲ್ಲಿ ಕುದುರಿಕೊಳ್ಳುವ ವಯಸ್ಸು ಅದು. ಆಟಗಾರನಿಗೆ ಅಷ್ಟರಲ್ಲಿ ಸಂಜೆಯಾಗುತ್ತದೆ. ಮೂವತ್ತೈದರ ಆಚೆಗೆ ಮೊದಲ ದರ್ಜೆಯಲ್ಲಿ ಆಡುವವರು ವಿರಳ. ಅದರಲ್ಲಿಯೂ ಮಧ್ಯರಂಗದವನ ಮಂಡಿ, ಕಣಕಾಲು, ತೊಡೆಯ ಸ್ನಾಯುಗಳು ಅಷ್ಟು ವರ್ಷಗಳ ತಿರುಗಾಟದಿಂದ ಸವೆದಿರುತ್ತವೆ.

ಆಮೇಲೆ ಏನು? ಶರೀರದ ಮಾತನ್ನು ಮೊದಲು ಹೇಳುತ್ತೇನೆ. ದಿನವೂ ಹತ್ತು ಕಿಲೋಮೀಟರು ಓಡುವವನ ಹಸಿವು ದೊಡ್ಡದು. ಓಟ ನಿಂತ ದಿನವೇ ಹಸಿವು ನಿಲ್ಲುವುದಿಲ್ಲ. ಆದುದರಿಂದ ಅನೇಕ ಆಟಗಾರರು ನಿವೃತ್ತಿಯಾದ ಕೆಲವು ವರ್ಷಗಳಲ್ಲಿಯೇ ಸ್ಥೂಲಕಾಯರಾಗುತ್ತಾರೆ. ಮನಸ್ಸಿನ ಮಾತು ಇನ್ನೂ ಕಠಿನ. ಸಾವಿರಾರು ಜನರ ಕೂಗಿಗೆ ಹೊಂದಿಕೊಂಡ ಕಿವಿಗೆ ಮನೆಯ ನಿಶ್ಶಬ್ದ ಸಹಿಸುವುದಿಲ್ಲ. ಬೆಳಗ್ಗೆ ಏಳಬೇಕಾದ ಹೊತ್ತು, ತಿನ್ನಬೇಕಾದ ಆಹಾರ, ಹೋಗಬೇಕಾದ ಊರು ಎಲ್ಲವನ್ನೂ ಬೇರೆಯವರು ಗೊತ್ತುಮಾಡುತ್ತಿದ್ದ ಬಾಳು ಒಂದು ದಿನ ಥಟ್ಟನೆ ಮುಗಿದು, ಎಲ್ಲವನ್ನೂ ತಾನೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಇನ್ನು ಸಂಪಾದನೆಯ ಮಾತು. ಹಿಂದಿನ ತಲೆಮಾರಿನ ಬೆಂಗಳೂರಿನ ಆಟಗಾರರಿಗೆ ಒಂದು ಆಸರೆಯಿತ್ತು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸರ್ಕಾರಿ ಕಾರ್ಖಾನೆಗಳು ತಮ್ಮದೇ ತಂಡಗಳನ್ನು ಕಟ್ಟಿ, ಆಟಗಾರರಿಗೆ ಕಾಯಂ ನೌಕರಿಯನ್ನು ಕೊಡುತ್ತಿದ್ದುವು. ರೈಲ್ವೆ, ಪೋಲೀಸು, ಬ್ಯಾಂಕುಗಳಲ್ಲಿಯೂ ಅದೇ ರೂಢಿ. ಹುಡುಗನು ಬೆಳಗ್ಗೆ ಅಭ್ಯಾಸಮಾಡಿ, ಆಮೇಲೆ ಹಾಜರಿ ಪುಸ್ತಕದಲ್ಲಿ ಸಹಿಮಾಡುತ್ತಿದ್ದನು. ಕಾಲು ಸೋತ ಮೇಲೂ ಕುರ್ಚಿ ಉಳಿಯುತ್ತಿತ್ತು. ಐವತ್ತೆಂಟು ಅರುವತ್ತರ ವರೆಗೆ ಸಂಬಳ ಬರುತ್ತಿತ್ತು. ಸಂಬಳ ಸಣ್ಣದು, ಆದರೆ ನಿಶ್ಚಿತ. ವೃತ್ತಿಪರ ತಂಡದ ರೀತಿ ಬೇರೆ. ಅಲ್ಲಿ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಕರಾರು. ಹಣ ಹೆಚ್ಚು; ಕರಾರು ಮುಗಿದರೆ ಮಾತ್ರ ಸಂಬಂಧವೂ ಮುಗಿಯಿತು. ತಂಡಗಳೇ ಶಾಶ್ವತವಲ್ಲ. ಚಾಪ್‌ಮನ್ನರು ಆಡಿದ ಎಫ್.ಸಿ. ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಜೆ.ಸಿ.ಟಿ. ತಂಡವನ್ನು 2011ರಲ್ಲಿ ಮುಚ್ಚಲಾಯಿತು. ಆದಕಾರಣ ವೃತ್ತಿ ಆಟಗಾರನು ಮೂವತ್ತರೊಳಗೆ ಗಳಿಸಿದ ಹಣವನ್ನು ಎಪ್ಪತ್ತರ ವರೆಗೆ ಹಂಚಿಕೊಳ್ಳಬೇಕು, ಇಲ್ಲವೆ ಎರಡನೆಯ ವಿದ್ಯೆಯೊಂದನ್ನು ಕಲಿಯಬೇಕು.

ಎರಡನೆಯ ವಿದ್ಯೆ

ಚಾಪ್‌ಮನ್ನರು ಆರಿಸಿಕೊಂಡ ಎರಡನೆಯ ವಿದ್ಯೆ ಶಿಕ್ಷಕವೃತ್ತಿ. 2002ರಲ್ಲಿ ಅವರು ತಾವು ಕಲಿತ ಟಾಟಾ ಅಕಾಡೆಮಿಗೇ ಶಿಕ್ಷಕರಾಗಿ ಹಿಂತಿರುಗಿದರು. ಶಿಷ್ಯನಾಗಿ ಹೊಕ್ಕ ಬಾಗಿಲನ್ನು ಗುರುವಾಗಿ ಹೊಗುವ ಭಾಗ್ಯ ಎಲ್ಲರಿಗೂ ಬರುವುದಲ್ಲ.

ಆಡಬಲ್ಲವನೆಲ್ಲ ಕಲಿಸಬಲ್ಲನೆಂದು ಭಾವಿಸಬಾರದು. ಆಡುವವನು ತನ್ನ ಕಾಲಿಗೆ ಹೇಳಿದರಾಯಿತು. ಕಲಿಸುವವನು ಇಪ್ಪತ್ತು ಮಂದಿಯ ಕಾಲಿಗೆ ಬಾಯಿಂದ ಹೇಳಬೇಕು. ಆದುದರಿಂದಲೇ ಈಗ ಆಟದ ಶಿಕ್ಷಕರಿಗೂ ಪರೀಕ್ಷೆಗಳಿವೆ. ಡಿ, ಸಿ, ಬಿ, ಎ, ಪ್ರೋ ಎಂದು ಮೆಟ್ಟಿಲು ಮೆಟ್ಟಿಲಾಗಿ ಪ್ರಮಾಣಪತ್ರಗಳನ್ನು ಪಡೆಯಬೇಕು. ಮಕ್ಕಳ ಶರೀರದ ಬೆಳವಣಿಗೆ, ಗಾಯಗಳ ಉಪಚಾರ, ಅಭ್ಯಾಸದ ಕ್ರಮ, ಪಂದ್ಯವನ್ನು ಓದುವ ಬಗೆ ಇವೆಲ್ಲವೂ ಅಲ್ಲಿ ಪಾಠಗಳು. ಇದಕ್ಕೆ ಓದು ಬರೆಹ ಬೇಕು. ಆಟವುಂಟೆಂದು ಪುಸ್ತಕವನ್ನು ಮೂಲೆಗೆಸೆದವನಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಭಾರತ ಕಂಡ ಅತ್ಯಂತ ದೊಡ್ಡ ಆಟದ ಶಿಕ್ಷಕರಾದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಮೂಲತಃ ಶಾಲೆಯ ಉಪಾಧ್ಯಾಯರು. 1951 ಮತ್ತು 1962ರ ಏಷ್ಯಾ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ದೊರೆತುದೂ, 1956ರಲ್ಲಿ ನಾಲ್ಕನೆಯ ಸ್ಥಾನ ದೊರೆತುದೂ ಅವರ ಶಿಕ್ಷಣದಲ್ಲಿಯೇ. ಉಪಾಧ್ಯಾಯನಾದ ನನಗೆ ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯಾಗುವುದು ಸಹಜ.

ಮಧ್ಯರಂಗದವನು ಶಿಕ್ಷಕನಾಗುವುದಕ್ಕೆ ಒಂದು ವಿಶೇಷ ಅನುಕೂಲವೂ ಇದೆ. ಮುಂದಿನವನಿಗೆ ಗೋಲುಪೆಟ್ಟಿಗೆ ಕಾಣುತ್ತದೆ. ಹಿಂದಿನವನಿಗೆ ಎದುರಾಳಿ ಕಾಣುತ್ತಾನೆ. ನಡುವಿನವನು ಮಾತ್ರ ಆಟದುದ್ದಕ್ಕೂ ಇಡೀ ಮೈದಾನವನ್ನು ನೋಡುತ್ತ ಬಂದಿರುತ್ತಾನೆ. ತನ್ನ ಕಾಲಿಗಿಂತ ಹೆಚ್ಚಾಗಿ ಜೊತೆಗಾರರ ಕಾಲನ್ನು ನಂಬಿ ಬಾಳಿದವನು ಅವನು. ಕಲಿಸುವವನಿಗೆ ಬೇಕಾದ ದೃಷ್ಟಿಯೂ ಅದೇ, ಗುಣವೂ ಅದೇ.

ಟಾಟಾ ಅಕಾಡೆಮಿಯ ಬಳಿಕ ಚಾಪ್‌ಮನ್ನರು ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೊ, ಕಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಮೊದಲಾದ ತಂಡಗಳಿಗೆ ಕಲಿಸಿದರು. 2017ರ ಕೊನೆಯಲ್ಲಿ ನಮ್ಮ ದಿಲ್ಲಿಯ ಸುದೇವಾ ಮೂನ್‌ಲೈಟ್ ತಂಡವು ಐ-ಲೀಗಿನ ಎರಡನೆಯ ವಿಭಾಗದಲ್ಲಿ ಆಡುವುದಕ್ಕೆ ಸಿದ್ಧವಾಗುತ್ತಿದ್ದಾಗ ಅವರನ್ನೇ ಮುಖ್ಯ ಶಿಕ್ಷಕರನ್ನಾಗಿ ಕರೆಯಿಸಿಕೊಂಡಿತು. ಅದೇ ಸಂಸ್ಥೆಯ ತಂಡವು 2021ರ ಜನವರಿಯಲ್ಲಿ ಐ-ಲೀಗಿನ ಮೊದಲ ವಿಭಾಗದಲ್ಲಿ ಆಡಿ, ಆ ಗೌರವವನ್ನು ಪಡೆದ ದಿಲ್ಲಿಯ ಮೊದಲ ತಂಡವೆನಿಸಿತು. ಅದನ್ನು ನೋಡುವುದಕ್ಕೆ ಚಾಪ್‌ಮನ್ನರು ಇರಲಿಲ್ಲ. ದಿಲ್ಲಿಯಿಂದ ಹೋದ ಮೇಲೆ ಅವರು ಕೋಳಿಕ್ಕೋಡಿನ ಒಂದು ತರಬೇತಿ ಶಾಲೆಯ ತಾಂತ್ರಿಕ ನಿರ್ದೇಶಕರಾಗಿದ್ದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಆಡಿದುದಕ್ಕಿಂತ ಹೆಚ್ಚು ವರ್ಷಗಳನ್ನು ಅವರು ಕಲಿಸುವುದರಲ್ಲಿ ಕಳೆದಿದ್ದರು. ಆ ವರ್ಷಗಳಲ್ಲಿ ಅವರಿಗಾಗಿ ಕೂಗುವ ಜನಸ್ತೋಮವಿರಲಿಲ್ಲ. ಬೆಳಗಿನ ಇಬ್ಬನಿಯಲ್ಲಿ ಸಾಲಾಗಿ ನಿಂತ ಹುಡುಗರಿದ್ದರು.

ಎರಡೂವರೆ ವರ್ಷಗಳೂ ತುಂಬುವುದಕ್ಕೆ ಮೊದಲು, 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದಕ್ಕೆ ಮೊದಲು ನಮ್ಮ ರಾಜ್ಯವು ಅದನ್ನು ಗೆದ್ದುದು 1968-69ರಲ್ಲಿ, ಮೈಸೂರೆಂಬ ಹೆಸರಿನಿಂದ. ಐವತ್ತನಾಲ್ಕು ವರ್ಷಗಳ ನಡುವೆ ಎಷ್ಟು ಮಂದಿ ಹುಡುಗರು ಆಡಿ, ಗೆಲ್ಲದೆ, ವಯಸ್ಸಾಗಿ, ಮುಂದಿನವರಿಗೆ ಕಲಿಸಿ ಮರೆಯಾಗಿರಬೇಕು! ಗೆಲುವಿನ ದಿನ ಕಾಣುವವರು ಹನ್ನೊಂದು ಮಂದಿ. ಅವರ ಹಿಂದೆ ಕಾಣದವರ ಒಂದು ಉದ್ದನೆಯ ಸಾಲಿರುತ್ತದೆ.

ಪ್ರಶ್ನೆಗಳಿಗೆ ಉತ್ತರ

ಈಗ ಆ ಇಬ್ಬರು ಹುಡುಗರ ಪ್ರಶ್ನೆಗಳಿಗೆ ಬರುತ್ತೇನೆ. ನಡುವೆ ಆಡುವವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲವೆ? ಕೆಲವರದು ಬರುತ್ತದೆ, ಅನೇಕರದು ಬರುವುದಿಲ್ಲ. ಹೆಸರೇ ಬೇಕೆಂಬವನು ಅಲ್ಲಿ ನಿಲ್ಲದಿರುವುದು ಒಳ್ಳೆಯದು. ಆದರೆ ಜೊತೆಗಾರರನ್ನು ಕೇಳಿದರೆ, ತಂಡದಲ್ಲಿ ಯಾರಿಲ್ಲದೆ ನಡೆಯದೆಂಬುದನ್ನು ಅವರು ಹೇಳುತ್ತಾರೆ.

ಆಟ ಮುಗಿದ ಮೇಲೆ ಹೊಟ್ಟೆಗೇನು? ಇದಕ್ಕೆ ಸುಳ್ಳು ಹೇಳಲಾರೆ. ಆಟವನ್ನೇ ನಂಬಿದ ಸಾವಿರ ಮಂದಿಯಲ್ಲಿ ಭಾರತ ತಂಡವನ್ನು ಮುಟ್ಟುವವರು ಬೆರಳೆಣಿಕೆಯಷ್ಟು. ಮುಟ್ಟಿದವರಿಗೂ ಮೂವತ್ತರ ಹೊತ್ತಿಗೆ ಎರಡನೆಯ ಬಾಳು ಕಾದಿರುತ್ತದೆ. ಆದುದರಿಂದ ಆಡಬೇಡಿರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ತಾಯಿತಂದೆಯರೊಡನೆ ವಾದಮಾಡುವುದಕ್ಕೂ ನಾನು ಸಿದ್ಧ. ಬಾಲಕರೂ ಬಾಲಿಕೆಯರೂ ಕಾಲು ನೋಯುವ ವರೆಗೆ ಆಡಿರಿ. ಆದರೆ ಆಟದ ಚೀಲದಲ್ಲಿ ಬೂಟುಗಳ ಜೊತೆಗೆ ಪುಸ್ತಕಕ್ಕೂ ಸ್ವಲ್ಪ ಎಡೆಯಿರಲಿ. ಚೆಂಡು ಕಾಲಿಗೆ ಬರುವುದಕ್ಕೆ ಮೊದಲೇ ಮುಂದೇನು ಮಾಡಬೇಕೆಂದು ಕತ್ತೆತ್ತಿ ನೋಡುವವನೇ ಒಳ್ಳೆಯ ಮಧ್ಯರಂಗದ ಆಟಗಾರನೆಂದು ಆಗಲೇ ಹೇಳಿದೆನಷ್ಟೆ? ಜೀವನದಲ್ಲಿಯೂ ಹಾಗೆ ಒಮ್ಮೆ ಕತ್ತೆತ್ತಿ ನೋಡಿರಿ.

ಮುಂದಿನ ಚಳಿಗಾಲದಲ್ಲಿ ತಂಡಗಳನ್ನು ಒಡೆಯುವಾಗ, "ನಾನು ನಡುವೆ ನಿಲ್ಲುತ್ತೇನೆ ಸರ್" ಎಂದು ಕೈಯೆತ್ತುವವನು ಒಬ್ಬನಾದರೂ ದೊರೆತರೆ ಈ ಲೇಖನ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.